ಪಾರ್ಸಲ್ ಊಟಕ್ಕೂ ಭಕ್ಷೀಸೇ?

ಅಮೆರಿಕದ ಉಪಾಹಾರಗೃಹವೊಂದರಲ್ಲಿ ಊಟವನ್ನು ಕಟ್ಟಿಸಿಕೊಂಡು ಹೊರಟ ಗಿರಾಕಿಯೊಬ್ಬನನ್ನು ಊಹಿಸಿಕೊಳ್ಳಿ. ಗಲ್ಲೆಯವನು ಯಂತ್ರದ ಪುಟ್ಟ ಪರದೆಯನ್ನು ಅವನತ್ತ ತಿರುಗಿಸುತ್ತಾನೆ. ಶೇಕಡಾ 15, 18, 20 ಎಂದು ಟಿಪ್ಸ್, ಅಂದರೆ ಭಕ್ಷೀಸಿನ ಅಂಕೆಗಳು ಮೂಡುತ್ತವೆ. ‘ಬೇಡ’ ಎಂಬ ಗುಂಡಿಯೂ ಉಂಟು. ಇಲ್ಲಿ ಬಡಿಸಿದವರಿಲ್ಲ, ಎಂಜಲು ತಟ್ಟೆ ತೆಗೆದವರಿಲ್ಲ. ಆದರೂ ಆ ಗುಂಡಿಯನ್ನೊತ್ತಲು ಬೆರಳು ಹಿಂಜರಿಯುತ್ತದೆ. ಏಕೆ?

ಭಕ್ಷೀಸು ಸೇವೆಯ ಬೆಲೆಯೆಂದು ನಾವು ಭಾವಿಸುತ್ತೇವಷ್ಟೆ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೇಲ್ ಲಿನ್ ಅವರ ಸಂಶೋಧನೆಗಳಂತೆ ಸೇವೆಯ ಗುಣಕ್ಕೂ ಭಕ್ಷೀಸಿನ ಮೊತ್ತಕ್ಕೂ ಇರುವ ನಂಟು ಬಲು ದುರ್ಬಲ. ರೂಢಿಯ ಒತ್ತಡ, ಎದುರಿಗಿರುವವರ ನೋಟ ಇವೂ ಕೈಯನ್ನು ಜೇಬಿಗೆ ಇಳಿಸುತ್ತವೆ.

ಇದಕ್ಕಿಂತ ಸ್ವಾರಸ್ಯವಾದುದು ಕೂಲಿಯ ಲೆಕ್ಕ. 2009ರಲ್ಲಿ ಅಮೆರಿಕದ ಕೇಂದ್ರ ಕಾನೂನು ಗಂಟೆಗೆ ಕನಿಷ್ಠ ಕೂಲಿಯನ್ನು 7.25 ಡಾಲರಿಗೆ ಏರಿಸಿತು. ಆದರೆ ಭಕ್ಷೀಸು ಪಡೆಯುವ ಕೆಲಸಗಾರನಿಗೆ ಮಾಲೀಕನು 2.13 ಡಾಲರು ಕೊಟ್ಟರೆ ಸಾಕು. ಇದು 1991ರ ದರ! ಮಿಕ್ಕ 5.12 ಡಾಲರು ಭಕ್ಷೀಸಿನಿಂದ ತುಂಬಬೇಕು, ತುಂಬದಿದ್ದರೆ ಮಾಲೀಕನೇ ತೆರಬೇಕು. ಎಂದಮೇಲೆ ಗಿರಾಕಿಯ ಮೊದಲ ಕಾಸುಗಳಿಂದ ಹಗುರವಾಗುವುದು ಮಾಲೀಕನ ಹೊರೆಯೇ. ಕ್ಯಾಲಿಫೋರ್ನಿಯದಂಥ ರಾಜ್ಯಗಳಲ್ಲಿ ಈ ರಿಯಾಯಿತಿ ಇಲ್ಲ.

ಪೊಟ್ಟಣ ಕಟ್ಟಿದವನು ಪೂರ್ತಿ ಕೂಲಿಯವನಾದರೆ ಭಕ್ಷೀಸು ಅವನಿಗೆ ನಿಜವಾದ ಹೆಚ್ಚುವರಿ. ಬಡಿಸುವವಳೇ ತನ್ನ ಮೇಜುಗಳನ್ನು ಬಿಟ್ಟುಬಂದು ಕಟ್ಟಿಕೊಟ್ಟಿದ್ದರೆ, ಅಷ್ಟು ಹೊತ್ತಿನ ಅವಳ ಸಂಪಾದನೆಗೇ ಕತ್ತರಿ. ಇವರಿಬ್ಬರಲ್ಲಿ ಎದುರು ನಿಂತವರು ಯಾರೆಂಬುದನ್ನು ಮಾತ್ರ ಪರದೆ ಹೇಳುವುದಿಲ್ಲ, ಕೇಳಿಯೇ ತಿಳಿಯಬೇಕು.