ಹೆಸರಿನ ಜಾಡು: ಅರ್ಮೇನಿಯನ್ ಮನೆತನಗಳ ವಲಸೆ ಮತ್ತು ವಂಶಶೋಧನೆ

ಅರ್ಮೇನಿಯನ್ ಭಾಷೆಯ ‘ಅಜ್ಗ್’ ಎಂಬ ಪದವು ವಂಶವನ್ನೂ ಇಡೀ ಜನಾಂಗವನ್ನೂ ಸೂಚಿಸುತ್ತದೆ. ಹಲವು ತಲೆಮಾರುಗಳು ಒಂದೇ ಸೂರಿನಡಿ ಬಾಳುತ್ತಿದ್ದ ಅವಿಭಕ್ತ ಕುಟುಂಬಕ್ಕೆ ‘ಗೆರ್ದಸ್ತಾನ್’ ಎಂದು ಹೆಸರು. ಯುದ್ಧ, ವ್ಯಾಪಾರ ಹಾಗೂ ಹತ್ಯಾಕಾಂಡಗಳಿಂದ ಇಂತಹ ಕುಟುಂಬಗಳು ಚದುರಿದಾಗ ಅವುಗಳ ಮೂಲವನ್ನು ಅರಸುವವರಿಗೆ ಹೆಸರೇ ಮೊದಲ ಆಕರ. ಆದರೆ ವಲಸೆಯ ಹಾದಿಯಲ್ಲಿ ಬಹುಬೇಗ ರೂಪಾಂತರ ಹೊಂದುವುದೂ ಹೆಸರೇ.

ಅರ್ಮೇನಿಯನ್ ಕುಲನಾಮಗಳು ಸಾಮಾನ್ಯವಾಗಿ ‘-ಯಾನ್’ ಪ್ರತ್ಯಯದಿಂದ ಕೊನೆಗೊಳ್ಳುತ್ತವೆ. ಪೆತ್ರೋಸನ ಸಂತತಿ ಪೆತ್ರೋಸ್ಯಾನ್. ಕಮ್ಮಾರನ ಸಂತತಿ ದರ್ಬಿನ್ಯಾನ್. ಹೆಸರಿನ ಮೊದಲಿಗೆ ‘ತೇರ್’ ಇದ್ದರೆ ಪೂರ್ವಿಕರಲ್ಲಿ ಪಾದ್ರಿಯೊಬ್ಬನಿದ್ದನೆಂದು ತಿಳಿಯಬಹುದು. ಜೆರುಸಲೇಮ್ ಯಾತ್ರೆ ಮುಗಿಸಿ ಬಂದವನನ್ನು ‘ಮಹ್ದೆಸಿ’ ಎನ್ನುತ್ತಿದ್ದರು. ಇದು ಅರಬ್ಬಿ ಮೂಲದ ಪದವಾದರೂ ಜನಪದರು ಇದನ್ನು ‘ಮರಣವನ್ನು ಕಂಡವನು’ ಎಂದು ಬಿಡಿಸಿ ಅರ್ಥೈಸಿಕೊಂಡರು. ಯಾತ್ರೆಯ ಕಷ್ಟದ ನೆನಪು ಈ ಜನಪದ ನಿಷ್ಪತ್ತಿಯಲ್ಲಿ ಉಳಿದಿದೆ.

1604-05ರಲ್ಲಿ ಪರ್ಷಿಯಾದ ಒಂದನೆಯ ಷಾ ಅಬ್ಬಾಸನು ಅರಸ್ ನದೀತೀರದ ಜುಲ್ಫಾ ಪಟ್ಟಣದ ಅರ್ಮೇನಿಯನ್ನರನ್ನು ಒಕ್ಕಲೆಬ್ಬಿಸಿದನು. ಅವರು ಇಸ್ಫಹಾನದ ಬಳಿ ‘ನವ ಜುಲ್ಫಾ’ದಲ್ಲಿ ನೆಲೆಸಿದರು. ಅಲ್ಲಿನ ವರ್ತಕ ಮನೆತನಗಳಲ್ಲೊಂದಾದ ಷಹ್ರಿಮಾನಿಯನ್ನರು ಹದಿನೇಳನೆಯ ಶತಮಾನದ ಕೊನೆಯ ವೇಳೆಗೆ ವೆನಿಸ್‌ನಲ್ಲಿ ನೆಲೆಯೂರಿದರು. ಅಲ್ಲಿ ಅವರು ‘ಷೆರಿಮಾನ್’ ಆದರು. 1749ರಲ್ಲಿ ಇಟಾಲಿಯನ್ ಕಾಲ್ಪನಿಕ ಪ್ರವಾಸಕಥನವೊಂದನ್ನು ಪ್ರಕಟಿಸಿದ ಲೇಖಕ ಜಕಾರಿಯಾ ಸೆರಿಮಾನ್ ಇದೇ ಮನೆತನದವನು. ಪ್ರತ್ಯಯ ಕಳಚಿದ ಹೆಸರೊಂದನ್ನೇ ನೆಚ್ಚಿದರೆ ಈ ಲೇಖಕನ ಬೇರು ಅರಸ್ ತೀರದ್ದೆಂದು ಊಹಿಸುವುದೂ ಕಷ್ಟ.

ಅದೇ ನವ ಜುಲ್ಫಾದಿಂದ ಮದರಾಸಿಗೆ ಬಂದ ವರ್ತಕ ಪೆತ್ರುಸ್ ಉಸ್ಕಾನ್ 1726ರಲ್ಲಿ ಅಡ್ಯಾರ್ ನದಿಗೆ ಸೇತುವೆ ಕಟ್ಟಿಸಿದನು. ಇಲ್ಲಿ ‘ಉಸ್ಕಾನ್’ ಎಂಬುದು ತಂದೆಯ ಹೆಸರು. ಅದನ್ನು ಕುಲನಾಮವೆಂದು ಭಾವಿಸಿದ ಸಂಶೋಧಕನು ದಾರಿ ತಪ್ಪುತ್ತಾನೆ. 1751ರಲ್ಲಿ ಆತ ತೀರಿಕೊಂಡಾಗ ದೇಹವನ್ನು ಮದರಾಸಿನಲ್ಲಿ ಹೂಳಲಾಯಿತು. ಹೃದಯವನ್ನು ಅವನ ಇಚ್ಛೆಯಂತೆ ಜುಲ್ಫಾಕ್ಕೆ ಕಳುಹಿಸಲಾಯಿತು. ಹೆಸರು ಹೇಳದ ಮೂಲವನ್ನು ಅಂತ್ಯಸಂಸ್ಕಾರ ಹೇಳುತ್ತದೆ.

ವರ್ತಕರಿಗೆ ಉಯಿಲು, ಪತ್ರ, ಸಮಾಧಿಶಾಸನಗಳ ಆಧಾರವುಂಟು. 1915ರಲ್ಲಿ ಆರಂಭವಾದ ಒಟ್ಟೋಮನ್ ಹತ್ಯಾಕಾಂಡದಿಂದ ಅನಾಥರಾದ ಮಕ್ಕಳಿಗೆ ಅದೂ ಇರಲಿಲ್ಲ. ಅನೇಕರು ಅನ್ಯರ ಮನೆಗಳಲ್ಲಿ ಬೇರೆ ಹೆಸರಿನಿಂದ ಬೆಳೆದರು. ಊರಿನ ಹೆಸರು, ತಾಯಿ ಹಾಡಿದ ಜೋಗುಳದ ತುಣುಕು, ಅಜ್ಜನ ಕಸುಬು ಇಂತಹವೇ ಕೆಲವರಿಗೆ ಉಳಿದ ಗುರುತುಗಳು. ಮುಂದೆ ಬೇರೂತ್, ಬೋಸ್ಟನ್ ಮುಂತಾದೆಡೆ ನೆಲೆಸಿದವರು ತಮ್ಮ ತಮ್ಮ ಊರುಗಳ ಕುರಿತು ‘ಹುಷಮಾತ್ಯಾನ್’ ಎಂಬ ಸ್ಮರಣಗ್ರಂಥಗಳನ್ನು ಹೊರತಂದರು. ಮನೆತನಗಳ ವಿವರ, ಆಡುನುಡಿ, ಗಾದೆ, ಹಾಡು, ಆಚರಣೆಗಳನ್ನು ಒಳಗೊಂಡ ಇವು ನಾಶವಾದ ಚರ್ಚ್ ದಾಖಲೆಗಳ ಸ್ಥಾನವನ್ನು ಒಂದು ಮಟ್ಟಿಗೆ ತುಂಬಿವೆ.

ಇಂದಿನ ಡಿಎನ್‌ಎ ಪರೀಕ್ಷೆಯು ಇಬ್ಬರ ನಡುವಣ ರಕ್ತಸಂಬಂಧವನ್ನು ತೋರಿಸಬಲ್ಲುದು. ಅವರ ಪೂರ್ವಿಕರು ಯಾವ ಊರಿನ ಯಾವ ಮನೆಯವರೆಂಬುದನ್ನು ಅದೊಂದೇ ಹೇಳಲಾರದು. ಆದುದರಿಂದ ಅರ್ಮೇನಿಯನ್ ವಂಶಶೋಧನೆಯಲ್ಲಿ ಲಿಖಿತ ದಾಖಲೆ ಮತ್ತು ಮೌಖಿಕ ಪರಂಪರೆಗಳು ಪರಸ್ಪರ ಪೂರಕ. ದಾಖಲೆಯಿಲ್ಲದವರ ಪಾಲಿಗಂತೂ ಹಿರಿಯರ ಬಾಯಿಮಾತೇ ಮೊದಲ ದಾಖಲೆ; ಅದನ್ನು ಅವರಿರುವಾಗಲೇ ಬರೆದಿಟ್ಟುಕೊಳ್ಳುವುದು ಶೋಧನೆಯ ಮೊದಲ ಕರ್ತವ್ಯ.