ನೆಟ್ಟರಷ್ಟೇ ಸಾಲದು, ನೀರೂ ಹಾಕಬೇಕು

ನಾಯಕತ್ವ ಎಂದಾಕ್ಷಣ ಕಣ್ಮುಂದೆ ಬರೋದು ಮೈಕು, ಹಾರ, ವೇದಿಕೆ. ‘ಅದೆಲ್ಲಾ ನಮಗ್ಯಾಕ್ರೀ, ಮನೆ-ಮಕ್ಕಳನ್ನ ನೋಡ್ಕೊಂಡ್ರೆ ಸಾಕಾಗಿದೆ’ ಎಂದು ನಾವು ಗೃಹಿಣಿಯರು ಸುಮ್ಮನಾಗಿಬಿಡುತ್ತೇವೆ. ಮಹಿಳಾ ಸಂಘದಲ್ಲಿ ‘ಈ ಸಲ ಅಧ್ಯಕ್ಷರು ಯಾರಾಗ್ತೀರಿ?’ ಅಂತ ಕೇಳಿದರೆ ಪಕ್ಕದವರ ಮುಖ ನೋಡುವವರೇ ಜಾಸ್ತಿ! ಆದರೆ ಯಾವ ಕುರ್ಚಿಯೂ ಇಲ್ಲದೆ ನಾಡಿಗೇ ದಾರಿ ತೋರಿದ ಹೆಣ್ಣುಮಗಳೊಬ್ಬರು ಹುಟ್ಟಿದ್ದು ನಮ್ಮ ಗುಬ್ಬಿ ತಾಲೂಕಿನಲ್ಲೇ. ಅವರೇ ಸಾಲುಮರದ ತಿಮ್ಮಕ್ಕ.

ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕೂಲಿ ಮಾಡಿ ಬದುಕಿದವರು. ಅವರಲ್ಲಿ ನಾವು ಕಲಿಯಬಹುದಾದ ಗುಣಗಳು ಯಾವುವು ಗೊತ್ತೇ?

ಯಾರಿಗೂ ಕಾಯದೆ ಶುರು ಮಾಡುವುದು: ಮದುವೆಯಾಗಿ ಹೋಗಿದ್ದು ಕುಣಿಗಲ್‌ಗೆ ಹೊಂದಿಕೊಂಡ ಮಾಗಡಿ ತಾಲೂಕಿನ ಹುಲಿಕಲ್‌ಗೆ. ಮಕ್ಕಳಾಗಲಿಲ್ಲ. ಆ ನೋವನ್ನು ನುಂಗಿಕೊಂಡು ಕೂರದೆ ಪತಿ ಚಿಕ್ಕಯ್ಯನವರೊಂದಿಗೆ ಹುಲಿಕಲ್-ಕುದೂರು ರಸ್ತೆಯ ಬದಿಯಲ್ಲಿ ಆಲದ ಸಸಿ ನೆಟ್ಟರು. ಮೊದಲ ವರ್ಷ ನೆಟ್ಟಿದ್ದು ಬರೀ 10. ಮುಂದಿನ ವರ್ಷ 15, ಆಮೇಲೆ 20.

ಹಿಡಿದ ಕೆಲಸ ಬಿಡದಿರುವುದು: ಸಸಿ ನೆಡೋದು ಒಂದು ದಿನದ ಕೆಲಸ. ಮೈಲಿಗಟ್ಟಲೆ ನೀರು ಹೊತ್ತು ಹಾಕಿ, ದನ ತಿನ್ನದಂತೆ ಮುಳ್ಳುಬೇಲಿ ಕಟ್ಟಿ ಕಾಯುವುದು ವರ್ಷಗಳ ಕೆಲಸ. 385 ಮರಗಳು ಬೆಳೆದದ್ದು ಹೀಗೆ. 1991ರಲ್ಲಿ ಪತಿ ತೀರಿಕೊಂಡ ಮೇಲೂ ತಿಮ್ಮಕ್ಕ ಮರಗಳ ನಂಟು ಬಿಡಲಿಲ್ಲ.

ಬಾಯಿಬಿಟ್ಟು ಕೇಳುವುದು: 2019ರಲ್ಲಿ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡಲು ಈ ಮರಗಳನ್ನು ಕಡಿಯುವ ಮಾತು ಬಂತು. ಅದೇ ವರ್ಷ ಪದ್ಮಶ್ರೀ ಪಡೆದಿದ್ದ ತಿಮ್ಮಕ್ಕ, ಸನ್ಮಾನ ಸಿಕ್ಕಿತಲ್ಲ ಎಂದು ಸುಮ್ಮನಿರಲಿಲ್ಲ. ಮುಖ್ಯಮಂತ್ರಿ ಕುಮಾರಸ್ವಾಮಿಯವರಿಗೂ ಉಪಮುಖ್ಯಮಂತ್ರಿ ಪರಮೇಶ್ವರ ಅವರಿಗೂ ಮರ ಉಳಿಸಿಕೊಡಿ ಎಂದು ಮನವಿ ಮಾಡಿದರು. ಬೇರೆ ದಾರಿ ನೋಡುವುದಾಗಿ ಸರ್ಕಾರ ಹೇಳಿತು.

ಇನ್ನೊಂದು ಗುಣವನ್ನು ಗುಬ್ಬಿಯವರೇ ಆದ ನಾಟಕರತ್ನ ವೀರಣ್ಣನವರಿಂದ ಕಲಿಯಬಹುದು. ಅದು ಬೇರೆಯವರನ್ನು ಬೆಳೆಯಲು ಬಿಡುವುದು. ಬಿ. ಜಯಮ್ಮ, ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಬಿ.ವಿ. ಕಾರಂತ ಇವರೆಲ್ಲ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ತನ್ನ ಸುತ್ತ ಇಷ್ಟೊಂದು ಜನ ಮಿಂಚಿದರೆ ತನ್ನ ಬೆಳಕು ಕಮ್ಮಿಯಾಗುತ್ತೆ ಅಂದುಕೊಳ್ಳದವನೇ ನಿಜವಾದ ಯಜಮಾನ.

ಸರಿ, ನಾವೇನು ಮಾಡಬಹುದು?

* ಬೀದಿಯ ಒಂದೇ ಒಂದು ಸಮಸ್ಯೆ ಆರಿಸಿಕೊಳ್ಳಿ. ಕೆಟ್ಟ ಬೀದಿದೀಪ ಇರಬಹುದು, ಕಟ್ಟಿಕೊಂಡ ಚರಂಡಿ ಇರಬಹುದು. ಎಲ್ಲವನ್ನೂ ಮೈಮೇಲೆ ಹಾಕ್ಕೊಂಡ್ರೆ ಯಾವುದೂ ಆಗೋಲ್ಲ.
* ಅರ್ಜಿ ಬರೆದು ಅಕ್ಕಪಕ್ಕದವರ ಸಹಿ ಹಾಕಿಸಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ. ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹದಿನೈದು ದಿನ ಬಿಟ್ಟು ಮತ್ತೆ ಹೋಗಿ. ‘ನೀರು ಹಾಕುವುದು’ ಅಂದರೆ ಇದೇ!
* ಮಾತಾಡಲು ಅಳುಕೇ? ಹೇಳಬೇಕಾದ್ದನ್ನು ನಾಲ್ಕು ಸಾಲು ಬರೆದುಕೊಂಡು ಹೋಗಿ. ಚೀಟಿ ನೋಡಿ ಓದಿದರೆ ಅವಮಾನವೇನಿಲ್ಲ.
* ಸಂಘದ ಲೆಕ್ಕಪುಸ್ತಕ ಎಷ್ಟೋ ವರ್ಷದಿಂದ ನಿಮ್ಮ ಬಳಿಯೇ ಇದೆಯೇ? ಸುಮ್ಮನೆ ಕೂರುವ ಸದಸ್ಯೆಗೆ ಕಲಿಸಿ, ಕೈಗೆ ಕೊಡಿ.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಬೇಕಾದ್ದು ಬಾಯಿಬಿಟ್ಟು ಕೇಳುವ ಧೈರ್ಯ. ಏಕೆಂದರೆ ಅಮ್ಮ ಎಲ್ಲಿ ಮಾತಾಡ್ತಾಳೆ, ಎಲ್ಲಿ ಬಾಯಿ ಮುಚ್ಕೋತಾಳೆ ಅನ್ನೋದನ್ನ ಹೆಣ್ಣುಮಕ್ಕಳು ಗಮನಿಸ್ತಾನೇ ಇರುತ್ತಾರೆ. ನಾವು ತಲೆ ತಗ್ಗಿಸಿದ ಕಡೆ ಅವರೂ ತಗ್ಗಿಸುತ್ತಾರೆ.

2025ರ ನವೆಂಬರ್ 14ರಂದು ತಿಮ್ಮಕ್ಕ ನಮ್ಮನ್ನಗಲಿದರು. ಕುದೂರಿನ ಹಾದಿಯ ಆ ಆಲಗಳ ನೆರಳಲ್ಲಿ ಓಡಾಡುವವರಿಗೆ ಹತ್ತೇ ಸಸಿಯಿಂದ ಶುರುವಾದ ಲೆಕ್ಕ ಗೊತ್ತಿರಲಿಕ್ಕಿಲ್ಲ. ನಮ್ಮ ಲೆಕ್ಕ ಒಂದರಿಂದಲೇ ಶುರುವಾಗಲಿ ಬಿಡಿ, ಏನೀಗ?