ಮೈಕಿನ ಮುಂದೆ ಬ್ಲೂಗ್ರಾಸ್: ಹಳೆಯ ಟೇಪುಗಳನ್ನು ಕೇಳುವ ಬಗೆ

ಅಮೆರಿಕದ ಬ್ಲೂಗ್ರಾಸ್ ಸಂಗೀತಕ್ಕೆ ಬುನಾದಿ ಹಾಕಿದ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ಅವರ ತಂಡದ ಹಳೆಯ ಕಛೇರಿ ಟೇಪು ಹಾಕಿಕೊಂಡು ಕೂತರೆ, ಚರಣ ಮುಗಿಯುತ್ತಲೇ ಹಾಡುಗಾರನ ದನಿ ಹಿಂದೆ ಸರಿದು ಬ್ಯಾಂಜೊ ಮುಂದೆ ನುಗ್ಗುವುದು ಕೇಳಿಸುತ್ತದೆ. ಗುಂಡಿ ತಿರುಗಿಸಿ ಯಾರೂ ಹಾಗೆ ಮಾಡಿಲ್ಲ. ಆಗಿನ ಬ್ಲೂಗ್ರಾಸ್ ವೇದಿಕೆಗಳಲ್ಲಿ ಬಹಳ ಕಡೆ ಇರುತ್ತಿದ್ದುದು ಒಂದೋ ಎರಡೋ ಮೈಕು. ಮ್ಯಾಂಡೊಲಿನ್, ಬ್ಯಾಂಜೊ, ಪಿಟೀಲು, ಗಿಟಾರು ನುಡಿಸುವವರು ತಮ್ಮ ಸರದಿಗೆ ಮುಂದೆ ಬಂದು, ಮುಗಿದೊಡನೆ ಪಕ್ಕಕ್ಕೆ ಜರುಗುತ್ತಿದ್ದರು. ಮೈಕಿನಿಂದ ಒಂದು ಅಡಿ ದೂರದಲ್ಲಿದ್ದವರು ಎರಡು ಅಡಿಗೆ ಸರಿದರೆ ನೇರ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ ಧ್ವನಿಯ ಹದವೆಲ್ಲ ಕಲಾವಿದರ ಹೆಜ್ಜೆಯಲ್ಲೇ ಇತ್ತು. ಈ ಟೇಪುಗಳನ್ನು ಕೇಳುವುದಕ್ಕೆ ಇದೇ ಕೀಲಿ.

ಇವನ್ನು ಮುದ್ರಿಸಿಕೊಂಡವರಲ್ಲಿ ಜಾನಪದ ಸಂಗೀತದ ಹುಚ್ಚು ಹಿಡಿದ ತರುಣರು ಬಹಳ. ಮೈಕ್ ಸೀಗರ್, ರಾಲ್ಫ್ ರಿನ್ಸ್ಲರ್ ಮೊದಲಾದವರು 1950ರ ದಶಕದಲ್ಲೇ ಮೇರಿಲ್ಯಾಂಡಿನ ನ್ಯೂ ರಿವರ್ ರಾಂಚ್, ಪೆನ್ಸಿಲ್ವೇನಿಯಾದ ಸನ್‌ಸೆಟ್ ಪಾರ್ಕ್‌ನಂಥ ಬಯಲು ರಂಗಗಳಿಗೆ ಎಡತಾಕುತ್ತಿದ್ದರು. ದಕ್ಷಿಣದ ಬೆಟ್ಟಸೀಮೆಯಿಂದ ಕೆಲಸ ಹುಡುಕಿ ಬಂದ ಕುಟುಂಬಗಳು ಅಲ್ಲಿ ಸೇರುತ್ತಿದ್ದವು. ಮುಂದೆ, 1963ರಲ್ಲಿ, ರಿನ್ಸ್ಲರ್ ಮನ್ರೋ ಅವರ ಮ್ಯಾನೇಜರೇ ಆದರು.

ಟೇಪಿನ ಲೆಕ್ಕಾಚಾರ ಬಿಗಿ. ಏಳಿಂಚಿನ ರೀಲಿನಲ್ಲಿ 1,200 ಅಡಿ ಟೇಪು. ಸೆಕೆಂಡಿಗೆ ಏಳೂವರೆ ಇಂಚು ಓಡಿಸಿದರೆ 32 ನಿಮಿಷಕ್ಕೆ ಖಾಲಿ. ವೇಗ ಅರ್ಧಕ್ಕಿಳಿಸಿದರೆ ಒಂದು ಗಂಟೆ ಸಿಗುತ್ತದೆ, ಆದರೆ ತಾರ ಸ್ವರಗಳ ಹೊಳಪು ಹೋಗುತ್ತದೆ. ಬ್ಲೂಗ್ರಾಸಿಗೆ ಅದು ದೊಡ್ಡ ನಷ್ಟ. ಈ ಸಂಗೀತದಲ್ಲಿ ಡ್ರಮ್ ಇಲ್ಲ. ತಾಳ ಹಿಡಿಯುವುದು ದೊಡ್ಡ ಬಾಸು ಮತ್ತು ಎದುರು ಪೆಟ್ಟಿಗೆ ‘ಚಕ್’ ಎನ್ನುವ ಮ್ಯಾಂಡೊಲಿನ್. ಹೊಳಪು ಮಾಸಿದರೆ ಆ ‘ಚಕ್’ ಮಂಕಾಗುತ್ತದೆ.

ಇನ್ನೊಂದು ತೊಡಕು ಬ್ಯಾಂಜೊ. ಉಗುರು ತೊಟ್ಟ ಮೂರು ಬೆರಳುಗಳ ಮೀಟು ಎಷ್ಟು ಚುರುಕೆಂದರೆ, ರೆಕಾರ್ಡರಿನ ಮುಳ್ಳು ಏಳುವಷ್ಟರಲ್ಲಿ ಪೆಟ್ಟು ಮುಗಿದಿರುತ್ತದೆ. ಮುಳ್ಳು ಕೆಂಪು ಗೆರೆ ಮುಟ್ಟಿಲ್ಲವೆಂದು ನಂಬಿ ಕೂತವರ ಟೇಪಿನಲ್ಲಿ ಬ್ಯಾಂಜೊ ಒಡೆದು ಕೇಳುತ್ತದೆ. ಅನುಭವಸ್ಥರು ಮಟ್ಟವನ್ನು ಬೇಕೆಂದೇ ತಗ್ಗಿಸಿಡುತ್ತಿದ್ದರು.

ಹಾಡು ಶುರುವಾಗುವ ಮುನ್ನಿನ ಮೌನದಲ್ಲಿ ಅದೇ ಹಾಡಿನ ಮಸುಕು ಛಾಯೆ ಕೇಳಿಸಿದರೆ ಗಾಬರಿಯಾಗಬೇಡಿ. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತೀಯ ಗುರುತು ಪಕ್ಕದ ಸುತ್ತಿಗೆ ಇಳಿಯುವುದರಿಂದ ಹಾಗಾಗುತ್ತದೆ. ಅದಕ್ಕೇ ಸಂಗ್ರಹಾಲಯಗಳು ಟೇಪನ್ನು ಕೊನೆಯ ತುದಿ ಹೊರಗಿರುವಂತೆ ಸುತ್ತಿಡುತ್ತವೆ. ಛಾಯೆಯ ಹೆಚ್ಚಿನ ಪಾಲು ಹಾಡಿನ ಹಿಂದೆ ಬಿದ್ದು ಅದರಲ್ಲೇ ಅಡಗುತ್ತದೆ.

ಇಷ್ಟೆಲ್ಲ ಕುಂದಿದ್ದರೂ ಇವು ಅಮೂಲ್ಯ. ಬಾಸ್ಟನ್ ಕಡೆಯ ತರುಣ ಬಿಲ್ ಕೀತ್ 1963ರಲ್ಲಿ ಮನ್ರೋ ತಂಡ ಸೇರಿ, ವರ್ಷ ತುಂಬುವ ಮೊದಲೇ ಬಿಟ್ಟರು. ಪಿಟೀಲಿನ ಮಟ್ಟುಗಳನ್ನು ಸ್ವರ ಬಿಡದೆ ಬ್ಯಾಂಜೊದಲ್ಲಿ ನುಡಿಸಿ ಆ ವಾದ್ಯದ ದಾರಿಯನ್ನೇ ಬದಲಿಸಿದವರು ಅವರು. ಸ್ಟುಡಿಯೋದಲ್ಲಿ ಮನ್ರೋ ಜೊತೆ ಅವರು ನುಡಿಸಿದ್ದು ಕೆಲವೇ ಹಾಡುಗಳಿಗೆ. ಅಂಥವರ ಕೈಚಳಕ ತಿಳಿಯಬೇಕಾದರೆ ಕಛೇರಿ ಟೇಪುಗಳೇ ಗತಿ.

ಕೇಳಲು ಹೊರಟವರು 1993ರಲ್ಲಿ ಸ್ಮಿತ್ಸೋನಿಯನ್ ಫೋಕ್‌ವೇಸ್ ಹೊರತಂದ ‘ಆಫ್ ದಿ ರೆಕಾರ್ಡ್’ನ ಎರಡು ಸಂಪುಟಗಳನ್ನು ಹಿಡಿಯಲಿ. ಮೊದಲನೆಯದರಲ್ಲಿ 1956ರಿಂದ 1969ರವರೆಗಿನ ಮನ್ರೋ ತಂಡವಿದೆ. ಎರಡನೆಯದರಲ್ಲಿ ಮನ್ರೋ ಮತ್ತು ಗಿಟಾರು ವಾದಕ ಡಾಕ್ ವಾಟ್ಸನ್ ಜೋಡಿ. ನನ್ನ ಕೇಳಿದರೆ ಎರಡನೆಯದೇ ಮೊದಲು. ಒಂದು ಮ್ಯಾಂಡೊಲಿನ್, ಒಂದು ಗಿಟಾರು. ಯಾರು ಮುಂದೆ, ಯಾರು ಹಿಂದೆ ಎಂಬುದು ಕಿವಿಗೆ ಬೇಗ ಪಳಗುತ್ತದೆ. ಆಮೇಲೆ ಐವರ ತಂಡಕ್ಕೆ ಹೋಗಿ. ಹೋಲಿಕೆಗೆ ಫ್ಲಾಟ್ ಮತ್ತು ಸ್ಕ್ರಗ್ಸ್ ಜೋಡಿಯ ತಂಡ 1962ರ ಡಿಸೆಂಬರ್ 8ರಂದು ಕಾರ್ನೆಗಿ ಹಾಲ್‌ನಲ್ಲಿ ಕೊಟ್ಟ ಕಛೇರಿ ಹಾಕಿಕೊಳ್ಳಿ. ಕೊಲಂಬಿಯಾ ಕಂಪನಿಯ ವೃತ್ತಿಪರ ಮುದ್ರಣ ಅದು. ಎರಡನ್ನೂ ಒಂದೇ ಸಂಜೆ ಕೇಳಿದರೆ ವ್ಯತ್ಯಾಸ ತಾನಾಗಿ ಹೊಳೆಯುತ್ತದೆ.